ಅತ್ತೆ ಹಾಡಿದ ಸೋಬಾನೆ

ಲೋಕೇಶ್ವರಿಯ ಮದುವೆಯ ಡೀವೀಡಿ ಕೈಗೆ ಬರುವಷ್ಟರಲ್ಲಿ ಚಪ್ಪರದ ಗಳುಗಳು ದನದ ಕೊಟ್ಟಿಗೆ ಸೇರಿದ್ದವು, ಧಾರೆ ಸೀರೆ ಟ್ರಂಕಿನ ತಳಕ್ಕೆ ಹೋಗಿತ್ತು, ಗಂಡ ಚಂದ್ರು ಅವಳನ್ನು ಹೆಸರು ಹಿಡಿದು ಕೂಗುವುದನ್ನು ಬಿಟ್ಟು 'ಇವಳೇ' ಎನ್ನಲು ಶುರು ಮಾಡಿದ್ದ. ತಾಳವಾಡಿ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯ ಮೇಲೆ ಸ್ಟುಡಿಯೋ ಇಟ್ಟಿದ್ದ ಪ್ರಭುಸ್ವಾಮಿ ಕೇಳಿದಾಗಲೆಲ್ಲ "ಮಿಕ್ಸಿಂಗ್ ನಡೀತಾ ಅದ" ಎನ್ನುತ್ತಿದ್ದ. ಅಂತೂ ಮಿಕ್ಸಿಂಗ್ ಮುಗಿದು ಡಬ್ಬಿ ಬಂತು. ಡಬ್ಬಿಯ ಮೇಲೆ ಚಂದ್ರು, ಲೋಕೇಶ್ವರಿ ಹಿಮ ಮುಚ್ಚಿದ ಬೆಟ್ಟದ ಮುಂದೆ ನಗುತ್ತಾ ನಿಂತಿದ್ದರು. ಇಬ್ಬರ ಕಾಲಿನಲ್ಲೂ ಚಪ್ಪಲಿ ಇರಲಿಲ್ಲ.

ದೊಡ್ಡಗಾಜನೂರಿನ ಆ ಮನೆಗೆ ಡೀವೀಡಿ ಪ್ಲೇಯರು ಬಂದದ್ದೂ ಮದುವೆಯ ಜೊತೆಗೇ. ಅದರ ಮೇಲೆ ಹೊದಿಸಲು ಕಸೂತಿ ಬಟ್ಟೆ, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ರಿಮೋಟನ್ನು ಚಂದ್ರು ಬಿಟ್ಟು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಮೊದಲ ದಿನ ಮನೆಯವರಷ್ಟೇ ಕೂತು ನೋಡಿದರು. ಅತ್ತೆ ಚಿಕ್ಕತಾಯಮ್ಮ ಮಂಚದ ಮೇಲೆ, ನಾದಿನಿ ಸುಮ ನೆಲದ ಮೇಲೆ, ಲೋಕೇಶ್ವರಿ ಅಡುಗೆಮನೆಯ ಹೊಸ್ತಿಲಲ್ಲಿ. ಪರದೆಯ ಮೇಲೆ ನಾಲ್ಕು ಕೆಂಪು ಹೃದಯಗಳು ಬಂದು ಕುಣಿದವು. ಒಂದರ ಕೆಳಗೆ 'ಮುಹೂರ್ತ' ಎಂದಿತ್ತು, ಇನ್ನೊಂದರ ಕೆಳಗೆ 'ಆರತಕ್ಷತೆ'. ಚಂದ್ರು ಯಾವ ಹೃದಯವನ್ನು ಒತ್ತಿದರೂ ಅದು ನೇರ ಊಟದ ಪಂಕ್ತಿಗೇ ಕರೆದೊಯ್ಯುತ್ತಿತ್ತು. ನೆಂಟರೆಲ್ಲ ಅಡ್ಡಡ್ಡ ಉಬ್ಬಿ, ಬರಗಾಲ ಕಾಣದ ಊರಿನವರ ಹಾಗೆ ಕಾಣುತ್ತಿದ್ದರು.

"ಇದೇನ್ಲಾ ಚಂದ್ರು, ನಾನು ಇಷ್ಟು ದಪ್ಪ ಇದ್ದೀನಾ?" ಎಂದಳು ಚಿಕ್ಕತಾಯಮ್ಮ.

"ಟೀವಿ ದೊಡ್ಡದು ಕಣವ್ವ. ಅದ್ಕೆ."

ಮದುವೆ ವೀಡಿಯೋ ಎಂದರೆ ನಮ್ಮ ಕಡೆ ಜನ ಮಾತಾಡುವುದು ಕೇಳಿಸುವುದಿಲ್ಲ. ಬಾಯಿ ಆಡುತ್ತದೆ, ಸಿನಿಮಾ ಹಾಡು ಕೇಳುತ್ತದೆ. ಅರಿಸಿನ ಹಚ್ಚುವಾಗ ಕನ್ನಡದ್ದು, ಬೀಗರು ವ್ಯಾನಿನಿಂದ ಇಳಿಯುವಾಗ ತಮಿಳಿನದ್ದು. ಪ್ರಭುಸ್ವಾಮಿಯೂ ಹಾಗೆಯೇ ಮಾಡಿದ್ದ. ಧಾರೆಯ ಹೊತ್ತಿನದನ್ನು ಮಾತ್ರ, ಮಂತ್ರ ಕೇಳಿಸಲಿ ಎಂದು, ಇದ್ದ ಸದ್ದಿನಲ್ಲೇ ಬಿಟ್ಟಿದ್ದ.

ಅಲ್ಲಿಗೆ ಬಂದಾಗ ಆ ದನಿ ಕೇಳಿತು.

ಒಂಬತ್ತು ತಿಂಗಳು ಒತ್ತಂಥ ಬಾರವು
ಅಂಗೈಯ ನೀರಾಗಿ ಅರುದೋಯ್ತು, ಸೋಬಾನ

ಲೋಕೇಶ್ವರಿ ಹೊಸ್ತಿಲಿನಿಂದ ಎದ್ದು ನಿಂತಳು. ಅದು ಅವಳ ತಾಯಿ ವೆಂಕಟಮ್ಮನ ದನಿ. ಆದರೆ ಪರದೆಯ ತುಂಬ ಇದ್ದದ್ದು ಅತ್ತೆಯ ಮುಖ. ರೇಷ್ಮೆ ಸೀರೆ, ಹಣೆಯ ಮೇಲೆ ಕಾಸಗಲದ ಕುಂಕುಮ, ಕಣ್ಣು ಅರೆಮುಚ್ಚಿ ಎಲೆ ಅಡಿಕೆ ಅಗಿಯುತ್ತಿದ್ದ ಬಾಯಿ. ಆ ಬಾಯಿ ತೆರೆದಾಗ ಹಾಡು ಏರುತ್ತಿತ್ತು, ಮುಚ್ಚಿದಾಗ ಇಳಿಯುತ್ತಿತ್ತು. ಹಾಡಿನ ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ಚಿಕ್ಕತಾಯಮ್ಮ ರಸ ನುಂಗಿದಳು.

"ಅವ್ವಾ!" ಎಂದು ಸುಮ ಕಿರುಚಿದಳು. "ನೀನು ಆಡಿದ್ದಾ? ಯಾವತ್ತೂ ಯೋಳ್ಲೇ ಇಲ್ವಲ್ಲ!"

ಚಿಕ್ಕತಾಯಮ್ಮ ಟೀವಿಯನ್ನೇ ನೋಡಿದಳು. ತಾನು ಹಾಡಲಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕಣ್ಣೆದುರಿಗೇ ಹಾಡುತ್ತಿದ್ದಾಳಲ್ಲ! ಅವಳ ಮುಖದಲ್ಲಿ ಮೊದಲು ಗಾಬರಿ ಬಂತು, ಆಮೇಲೆ ಅನುಮಾನ, ಆಮೇಲೆ ನಾಚಿಕೆಯಂಥದ್ದೊಂದು.

"ಏನೋ ಒಂಚೂರು," ಎಂದಳು.

"ಸೊಸೇನ ಎತ್ತ ಮಗಳು ಅಂತ ಆಡೀಯಲ್ಲವ್ವ! ಒಂಬತ್ತು ತಿಂಗಳು ಒತ್ತೆ ಅಂತಾ!"

"ಸೊಸೆ ಆದ್ರೇನು, ಮಗಳಾದ್ರೇನು ಬುಡು."

ಹೊಸ್ತಿಲಲ್ಲಿ ನಿಂತಿದ್ದ ಮಗಳಂಥ ಸೊಸೆಯನ್ನು, ಕಾಫಿ ಲೋಟ ಇನ್ನೂ ಎತ್ತಿಲ್ಲವೇಕೆಂದು ಅದೇ ಉಸಿರಿನಲ್ಲಿ ಕೇಳಿದಳು.

ಲೋಕೇಶ್ವರಿ ಲೋಟ ಎತ್ತಿದಳು. ಆ ಹಾಡು ಹೇಗೆ ಬಂತೆಂದು ಅವಳಿಗೆ ಗೊತ್ತಿತ್ತು. ಅಪ್ಪ ಹೋದ ಮೇಲೆ ಅವ್ವ ಶುಭದ ಜಾಗದಲ್ಲಿ ಮುಂದೆ ನಿಲ್ಲುತ್ತಿರಲಿಲ್ಲ. ಅದಕ್ಕೂ ಮೊದಲು ತವರೂರು ಜೀರಹಳ್ಳಿಯಲ್ಲಿ ವೆಂಕಟಮ್ಮನ ಸೋಬಾನೆಯಿಲ್ಲದೆ ಒಂದು ಮದುವೆಯೂ ಆಗುತ್ತಿರಲಿಲ್ಲವಂತೆ. ಕುಂಕುಮ ಹೋದದ್ದೇ ಗಂಟಲೂ ಹೋಯಿತೆಂದು ಊರು ತೀರ್ಮಾನಿಸಿತು. ಮಗಳ ಧಾರೆಯನ್ನು ಸೋದರಮಾವ, ಅವನ ಹೆಂಡತಿ ಎರೆದರು. ಅವ್ವ ಉಗ್ರಾಣದ ಬಾಗಿಲ ಬಳಿ, ಬಾಳೆಕಂಬದ ಹಿಂದೆ ನಿಂತಿದ್ದಳು. ಹಾಡಲು ಗೊತ್ತು ಮಾಡಿದ್ದ ಮುತ್ತೈದೆಯರು ಐದಾರು ಜನ ಮುಂದೆಯೇ ಕೂತಿದ್ದರು. ಆದರೆ ಪ್ರಭುಸ್ವಾಮಿಯ ಲೈಟು ಅವರ ಮೇಲೆ ಬಿದ್ದದ್ದೇ ತಡ, ಒಬ್ಬಳು ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬಳು ಮೂಗುತಿ ತಿರುವಿಕೊಂಡಳು, "ನೀ ಎತ್ಕೊ" "ಉಹೂಂ, ನೀ ಎತ್ಕೊ" ಎಂದು ಮೊಣಕೈಯಲ್ಲಿ ತಿವಿದಾಡಿದರು. ಹಾಡು ಏಳಲೇ ಇಲ್ಲ. ನೀರು ಬೀಳುತ್ತಿತ್ತು, ಸೋಬಾನೆ ಇರಲಿಲ್ಲ. ಆಗ ಕಂಬದ ಹಿಂದಿನಿಂದ ದನಿ ಎದ್ದಿತು. ತಲೆ ಬಗ್ಗಿಸಿ ಕೂತಿದ್ದ ಲೋಕೇಶ್ವರಿ ಅದನ್ನು ಕೇಳಿದಳೇ ಹೊರತು ತಿರುಗಿ ನೋಡುವಂತಿರಲಿಲ್ಲ.

ಮದುಮಗಳಲ್ಲವೇ? ತಿರುಗಬಾರದು.

*

ಆಮೇಲೆ ಆ ಡೀವೀಡಿಗೆ ಬಿಡುವೇ ಇರಲಿಲ್ಲ. ಹಾಲು ಹಾಕಲು ಬಂದವರು, ಬಿತ್ತನೆ ಆಲೂಗಡ್ಡೆ ಕೇಳಲು ಬಂದವರು, ವೋಟರ್ ಲಿಸ್ಟ್ ನೋಡಲು ಬಂದವರು, ಎಲ್ಲರಿಗೂ ಸೋಬಾನೆ. ಚಂದ್ರು ಊಟದ ಪಂಕ್ತಿಯಿಂದ ಹಿಂದಕ್ಕೆ ಓಡಿಸಿ ಧಾರೆಗೆ ತಂದು ನಿಲ್ಲಿಸುವುದರಲ್ಲಿ ಪಳಗಿದ. ಚಿಕ್ಕತಾಯಮ್ಮ ಬೆಳಿಗ್ಗೆ ಎದ್ದು ಗಂಟಲು ಸರಿಮಾಡಿಕೊಳ್ಳತೊಡಗಿದಳು. ಮೆಣಸು ಬೆಲ್ಲ ಕುಟ್ಟಿ ಡಬ್ಬಿಯಲ್ಲಿಟ್ಟುಕೊಂಡಳು. ಮೊಸರು ತಿಂದರೆ ದನಿ ಕಟ್ಟುತ್ತದೆ ಎಂದು ಮೊಸರು ಬಿಟ್ಟಳು. ಹಾಡುವವರ ಪಥ್ಯವೆಲ್ಲ ಬಂತು, ಹಾಡೊಂದು ಬರಲಿಲ್ಲ.

ಒಮ್ಮೆ ನೆರೆಯವಳು, "ಈಗ ಒಂದು ಸಾಲು ಆಡಿ ಚಿಕ್ಕತಾಯಕ್ಕ" ಎಂದು ಕೇಳಿದ್ದಕ್ಕೆ, "ಮುಹೂರ್ತ ಇಲ್ದೆ ಸೋಬಾನ ಆಡಬಾರ್ದು ಕಣ" ಎಂದಳು. ಶಾಸ್ತ್ರ ಎಂಬುದು ಇಂಥ ಹೊತ್ತಿಗೇ ಇರುವುದು.

ಲೋಕೇಶ್ವರಿ ಗಂಡನಿಗೆ ಹೇಳಿ ನೋಡಿದಳು.

"ಅದು ನಮ್ಮವ್ವನ ದನಿ."

"ನಂಗೊತ್ತಿಲ್ವಾ?" ಎಂದ ಚಂದ್ರು.

"ಗೊತ್ತಿದ್ರೆ ಯೋಳಿ ಮತ್ತೆ."

"ನಿಮ್ಮವ್ವನ್ಗೆ ಏನ್ ಕಮ್ಮಿ ಆಯ್ತು ಈಗ? ನಮ್ಮವ್ವ ಖುಷಿಯಾಗವಳೆ. ನಿನ್ ಮೇಲೆ ರೇಗಿ ಎಷ್ಟು ದಿನ ಆಯ್ತು, ಲೆಕ್ಕ ಆಕು." ಅವನ ಮಾತು ಸುಳ್ಳಲ್ಲ. ಹೊಗಳಿಸಿಕೊಂಡ ದಿನ ಚಿಕ್ಕತಾಯಮ್ಮ ಸಾರಿಗೆ ಉಪ್ಪು ಕಮ್ಮಿಯಾದರೂ ಉಣ್ಣುತ್ತಿದ್ದಳು. ತಾಯಿಯ ಗಂಟಲನ್ನು ಕೊಟ್ಟು ಕೊಂಡ ನೆಮ್ಮದಿ ಅದು ಎಂದು ಲೋಕೇಶ್ವರಿಗೆ ಅನ್ನಿಸುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ತವರಿಗೆ ಹೋದಾಗ ಡೀವೀಡಿ ಒಯ್ದಳು. ಪಕ್ಕದ ಮನೆಯ ಟೀವಿಯಲ್ಲಿ ಹಾಕಿಸಿದಳು. ವೆಂಕಟಮ್ಮ ಚಾಪೆಯ ಮೇಲೆ ಕೂತು ನೋಡಿದಳು. ಬೀಗಿತ್ತಿಯ ಬಾಯಿಂದ ತನ್ನ ಹಾಡು ಹೊರಟಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಲೋಕೇಶ್ವರಿ ತಿಳಿದಳು. ವೆಂಕಟಮ್ಮ ನಗುತ್ತಿದ್ದಳು.

"ಬಾಯಿ ಅವರ್ದು, ಗಂಟಲು ನಂದು. ಚೆಂದಾಗೇ ಕೂತದ ಬುಡು ಮಗಾ."

"ನಗ್ತೀಯಲ್ಲವ್ವ! ನಿಂಗೆ ಒಂಚೂರೂ ಕೋಪ ಬರದಿಲ್ವಾ?"

"ಬಂದು ಏನ್ ಮಾಡದು? ನಿನ್ ಬಾಳು ನೆಟ್ಟಗಿರ್ಲಿ." ವೆಂಕಟಮ್ಮ ಇನ್ನೂ ಟೀವಿಯನ್ನೇ ನೋಡುತ್ತಿದ್ದಳು. "ಧಾರೆ ವೊತ್ನಲ್ಲಿ ನಿನ್ ಮಖ ಎಂಗಿತ್ತು ಅಂತ ನೋಡವ ಅಂದ್ಕಂಡಿದ್ದಿ. ಅವತ್ತು ಕಂಬ ಅಡ್ಡ ಇತ್ತು."

ಅಷ್ಟೇ ಹೇಳಿದ್ದು. ಲೋಕೇಶ್ವರಿ ಮಾರನೆಯ ವಾರ ರವಿಕೆ ಹೊಲಿಸುವ ನೆಪ ಹೇಳಿ ತಾಳವಾಡಿಯ ಬಸ್ಸು ಹತ್ತಿದಳು.

*

ಪ್ರಭುಸ್ವಾಮಿ ಕೆಟ್ಟವನಲ್ಲ. ಅವನ ಬಳಿ ಕಂಪ್ಯೂಟರಿನ ಎಲ್ಲ ರೋಗಕ್ಕೂ ಔಷಧಿಯಿತ್ತು, ಅದನ್ನು ಯಾವಾಗಲೂ ಗಿರಾಕಿಗೇ ಕುಡಿಸುತ್ತಿದ್ದ, ಅಷ್ಟೇ.

"ಸದ್ದು ಇಂದಕ್ಕೆ ಬೀಳ್ತದೆ ಅಣ್ಣ. ಬಾಯಿಗೂ ದನಿಗೂ ತಾಳೆ ಇಲ್ಲ," ಎಂದಳು ಲೋಕೇಶ್ವರಿ.

"ಪ್ಲೇಯರು ಯಾವ್ದು ತಂಗ್ಯವ್ವ? ಕಂಪ್ನೀದಾ, ಡೂಪ್ಲಿಕೇಟಾ?"

"ಜೀರಳ್ಳೀಲಿ ಬೇರೆ ಪ್ಲೇಯರಲ್ಲಿ ಹಾಕ್ಸಿದ್ದೆ. ಅಲ್ಲೂ ಅಂಗೇ."

"ಅಂಗಾದ್ರೆ ಲೆನ್ಸಲ್ಲಿ ಧೂಳು."

"ಎರಡರಲ್ಲೂವಾ?"

"ಡಿಸ್ಕ್ ಮೇಲೆ ಕೈ ಇಟ್ಟಿದ್ದೀರಾ. ಹೆಂಗಸ್ರು ಎಣ್ಣೆ ಕೈಲಿ ಮುಟ್ತಾರೆ." ಅವನು ಡಿಸ್ಕನ್ನು ಅಂಗಿಯ ಚುಂಗಿಗೆ ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದ. ಅಲ್ಲಿಯೂ ಚಿಕ್ಕತಾಯಮ್ಮ ಅಗಿದಗಿದು ಹಾಡಿದಳು. ಪ್ರಭುಸ್ವಾಮಿ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಚಿಕ್ಕತಾಯಮ್ಮ ಮತ್ತೆ ಹಾಡಿದಳು. "ಕರೆಂಟು ಸರಿಯಿಲ್ಲ. ವೋಲ್ಟೇಜ್ ಬಿದ್ರೆ ಸದ್ದು ನಿಧಾನ ಆಯ್ತದೆ," ಎಂದು ಕೊನೆಗೆ ಸರ್ಕಾರದ ಮೇಲೆ ಹಾಕಿದ.

"ಅಣ್ಣ, ಮೊದಲಿಂದ ಹಾಕಿ," ಎಂದಳು ಲೋಕೇಶ್ವರಿ. "ಡೋಲಿನವನ ಕೈ ನೋಡಿ."

ಮುಹೂರ್ತದ ಶುರುವಿನಲ್ಲಿ ಕೋಲು ಬಿದ್ದಲ್ಲಿಯೇ ಡೋಲಿನ ಸದ್ದು. ಸ್ವಲ್ಪ ಮುಂದೆ ಹೋದರೆ ಕೋಲು ಬಿದ್ದು ಮೇಲೆದ್ದ ಮೇಲೆ ಸದ್ದು. ತಾಳಿ ಕಟ್ಟಿ ಮುಗಿದ ಮೇಲಂತೂ ಡೋಲಿನವನು ಕೋಲನ್ನು ಕಂಕುಳಿಗೆ ಸಿಕ್ಕಿಸಿ ಮೂಗು ಒರೆಸಿಕೊಳ್ಳುತ್ತಿದ್ದ, ಡೋಲು ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು. ಇಷ್ಟು ದಿನ ದಿನವೂ ನೋಡಿ ನೋಡಿ ಅವಳಿಗೆ ಅದು ಬಾಯಿಪಾಠವಾಗಿತ್ತು.

ಪ್ರಭುಸ್ವಾಮಿ ತಲೆ ಕೆರೆದುಕೊಂಡ. "ಓಯ್ತಾ ಓಯ್ತಾ ಇಂದಕ್ಕೆ ಬೀಳ್ತದಾ! ಅದು ಬೇರೆ ಕಾಯಿಲೆ." ಚಾಮರಾಜನಗರದ ಯಾವನೋ ಗೆಳೆಯನಿಗೆ ಫೋನು ಹಚ್ಚಿದ. ಅರ್ಧ ಮಾತು, ಅರ್ಧ "ಅಲೋ, ಅಲೋ." ಫೋನು ಇಟ್ಟಾಗ ಅವನ ಮುಖ ಬೆಳಗಿತ್ತು. ಕ್ಯಾಮರಾ ಸದ್ದನ್ನು ಒಂದು ಅಳತೆಯಲ್ಲಿ ಹಿಡಿದಿದೆ, ಡೀವೀಡಿ ಮಾಡುವ ಸಾಫ್ಟ್‌ವೇರು ಇನ್ನೊಂದು ಅಳತೆಯಲ್ಲಿ ಓದುತ್ತಿದೆ. ಕ್ಯಾಮರಾದ ಮೆನುವಿನಲ್ಲಿ ಒಂದು ಗುರುತು ತಪ್ಪಿತ್ತು. ಸದ್ದನ್ನು ಬೇರೆ ಮಾಡಿ, ಅಳತೆ ಸರಿಮಾಡಿ, ಚಿತ್ರದ ಕೆಳಗೆ ಹೊಸದಾಗಿ ಕೂರಿಸಬೇಕು. "ಮುಖ ದಪ್ಪ ಆಗಿರದೂ ಅದ್ರಲ್ಲೇ ಸರಿಯಾಯ್ತದೆ. ನಿಮ್ ಪ್ಲೇಯರೇ ತಪ್ಪು ಅಂತ ನಾನು ಅಂದಿರ್ಲಿಲ್ಲ, ನೋಡಿ," ಎಂದ.

ಸಮಯ ಹಿಡಿಯಿತು. ಲೋಕೇಶ್ವರಿ ಸ್ಟೂಲಿನ ಮೇಲೆ ಕಾದಳು. ಗೋಡೆಯ ಮೇಲೆ ತಾಳವಾಡಿಯ ಹುಡುಗಿಯರೆಲ್ಲ ಹಂಸದ ದೋಣಿಯಲ್ಲಿ, ಚಂದ್ರನ ಮೇಲೆ, ತಾವರೆಯೊಳಗೆ ಕೂತಿದ್ದರು. ತಾಯಂದಿರು ಯಾವ ಫೋಟೋದಲ್ಲೂ ಇರಲಿಲ್ಲ.

"ಬನ್ನಿ, ನೋಡಿ."

ಈಗ ಮಂತ್ರ ಪುರೋಹಿತರ ಬಾಯಲ್ಲಿತ್ತು. ಡೋಲು ಕೋಲಿಗೆ ಸಿಕ್ಕಿತು. ಅಂಗೈಯ ಮೇಲೆ ನೀರು ಬಿತ್ತು. ಪರದೆಯ ಮೇಲೆ ಲೋಕೇಶ್ವರಿಯ ಬಗ್ಗಿದ ಮುಖ. ಹಾಡು ಎದ್ದಿತು, ಎದ್ದ ಕೂಡಲೇ, ಇಷ್ಟು ದಿನ ಹಾಡಿಗಿಂತ ಮೊದಲೇ ಬಂದು ಹೋಗುತ್ತಿದ್ದ ಗುಲಾಬಿ ಹೂವು ಪರದೆಯ ತುಂಬ ಅರಳಿತು. ಅರಳಿ, ತಿರುಗಿ, ಒಳಗೆ ಚಂದ್ರುವಿನ ಪಾಸ್‌ಪೋರ್ಟ್ ಫೋಟೋ ತೋರಿಸಿತು. ಹಾಡು ಮುಗಿಯುವವರೆಗೂ ತಿರುಗುತ್ತಲೇ ಇತ್ತು.

"ಇಲ್ಲಿ ಏನಿತ್ತು ಅಣ್ಣ?"

ಪ್ರಭುಸ್ವಾಮಿ ಮೌಸನ್ನು ಆಚೆ ಈಚೆ ಸರಿಸಿದ. "ಅದೂ... ನಿಮ್ಮ ಅತ್ತೆ ಯೋಳಿದ್ರು. ಮುಹೂರ್ತದಲ್ಲಿ ನಿಮ್ಮವ್ವನ ಮಖ ಬರದು ಬ್ಯಾಡ ಅಂತ. ನಾನು ದನಿ ಬಂದ ಕಡೆ ಕ್ಯಾಮರಾ ತಿರುಗ್ಸಿಬುಟ್ಟಿದ್ದೆ. ಆಮೇಲೆ ಊವ ಆಕ್ದೆ."

"ನಮ್ಮವ್ವನ ಮೇಲಾ?"

"ಒಳ್ಳೆ ಊವ ತಂಗ್ಯವ್ವ. ಹೊಸಾ ಡಿಸೈನು."

ಅವಳಿಗೆ ನಗು ಬಂತು. ಅವ್ವನಿಗೆ ಬಂದಂಥದ್ದೇ ನಗು. ಅಪ್ಪನ ಹೆಣದ ಮುಂದೆ ಅವ್ವನ ಮುಡಿಯಿಂದ ಹೂ ತೆಗೆದಿದ್ದರು. ಈಗ ಇಷ್ಟು ದೊಡ್ಡ ಹೂವನ್ನು ಮುಡಿಸಿದ್ದಾರೆ, ಆಳು ಕಾಣದ ಹಾಗೆ.

"ತೆಗೀರಿ ಅಣ್ಣ ಅದ."

"ನಿಮ್ಮತ್ತೆ ನನ್ ಮೇಲೆ ಬಂದ್ರೆ?"

"ಡಬ್ಬಿ ಮೇಲೆ ಹಿಮದಲ್ಲಿ ಬರಿಗಾಲಲ್ಲಿ ನಿಂತಿರೋಳು ನಾನು ತಾನೆ? ನನ್ ಮದುವೆ. ತೆಗೀರಿ."

ಅವನು ಒಂದು ಗುಂಡಿ ಒತ್ತಿದ. ಗುಲಾಬಿ ಮಾಯವಾಯಿತು. ಬಾಳೆಕಂಬದ ಹಿಂದೆ ವೆಂಕಟಮ್ಮನ ಮುಖ ಕಂಡಿತು, ಒಂದು ಕೈ ಕಿವಿಯ ಮೇಲೆ. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಡಬ್ಬಿ ಕುಯ್ ಕುಯ್ ಎಂದಿತು, ಪ್ರಭುಸ್ವಾಮಿ ಬೇಗ ಬೇಗ ಉಳಿಸಿಕೊಂಡು ಆರಿಸಿದ. "ಈ ಪೋರ್ಷನ್ ಪೂರ್ತಿ ಇದ್ದಂಗೇ ಬುಟ್ಟು ಹೊಸ ಡಿಸ್ಕಿಗೆ ರೈಟ್ ಮಾಡಿ, ಬಸ್ಸಿನ ಕಂಡಕ್ಟರ್ ಕೈಲಿ ಕಳಸ್ತೀನಿ. ನೀವು ಓಗಿ, ಬಸ್ಸು ಬಂತು."

*

ಕಂಡಕ್ಟರು ಡಿಸ್ಕು ಕೊಟ್ಟದ್ದು ಭಾನುವಾರ ಮಧ್ಯಾಹ್ನ. ಅದೇ ಬಸ್ಸಿನಿಂದ ಚಿಕ್ಕತಾಯಮ್ಮನ ಅಕ್ಕ ಚಿಕ್ಕಬಸಮ್ಮನೂ ಇಬ್ಬರು ಸೊಸೆಯರೂ ಇಳಿದರು. ರಾಜ್ಯದ ಗಡಿಯಾಚೆ ಚಾಮರಾಜನಗರದ ಕಡೆಯಿಂದ ಬಂದವರು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಬಂದ ಕೆಲಸ ಎರಡು. ಮದುವೆಗೆ ಕರೆಯುವುದು ಒಂದು, ತಂಗಿಯನ್ನು ಸೋಬಾನೆಗೆ ಒಪ್ಪಿಸುವುದು ಇನ್ನೊಂದು.

"ಚಿಕ್ಕಂದಿಂದ ಜತೇಲಿ ಬೆಳುದ್ವಿ, ನೀನು ಆಡಿದ್ದ ನಾ ಕೇಳ್ಲೇ ಇಲ್ವಲ್ಲೇ ತಾಯಮ್ಮ!" ಎಂದಳು ಚಿಕ್ಕಬಸಮ್ಮ ಮಂಚದ ಮೇಲೆ ಕಾಲು ನೀಡುತ್ತಾ.

"ನೀನು ಯಾವತ್ತು ಕೇಳ್ದೆ ಅಕ್ಕ?" ಎಂದಳು ಚಿಕ್ಕತಾಯಮ್ಮ. ಆ ಮಾತಿನಲ್ಲಿ ನಿಜವಾದ ಒಂದು ನೋವಿತ್ತು. ಯಾರೂ ಅವಳನ್ನು ಯಾವತ್ತೂ ಏನನ್ನೂ ಕೇಳಿರಲಿಲ್ಲ. "ಲೋಕಿ, ನಮ್ ಡೀವೀಡಿ ಆಕವ್ವ."

ಲೋಕೇಶ್ವರಿಯ ಕೈಯಲ್ಲಿ ಎರಡೂ ಇದ್ದವು. ಹೊಸದರಲ್ಲಿ ಏನಿದೆಯೆಂದು ಅವಳು ಪೂರ್ತಿ ನೋಡಿರಲಿಲ್ಲ. ಹಳೆಯದನ್ನು ಹಾಕಿದರೆ ಸಂಜೆಯ ಊಟ ಸುಖವಾಗಿ ಆಗುತ್ತದೆ, ನಾಳೆಯೂ, ನಾಡಿದ್ದೂ. ಈ ಮನೆಯಲ್ಲಿ ಅವಳು ಬದುಕುವುದು ಇನ್ನೂ ಬಹಳ ಇದೆ. ಅತ್ತೆಯ ಮುಖ ನೋಡಿದಳು. ಮಗುವಿನ ಹಾಗೆ ಕಾಯುತ್ತಿದ್ದಳು. ಅಯ್ಯೋ ಎನ್ನಿಸಿತು. ಇನ್ನೊಬ್ಬರಿಗೆ ನೋವಾಗದಿರಲೆಂಬ ಇಂಥ ಅಯ್ಯೋದಿಂದಲೇ ಅವ್ವ ಇಷ್ಟು ವರ್ಷ ಕಂಬದ ಹಿಂದೆ ನಿಂತದ್ದಲ್ಲವೇ ಎಂದೂ ಅನ್ನಿಸಿತು.

ಹೊಸದನ್ನು ಹಾಕಿದಳು.

ಚಂದ್ರು ಒತ್ತಿದ ಹೃದಯ ಮೊದಲ ಬಾರಿಗೆ ಮುಹೂರ್ತಕ್ಕೇ ಹೋಯಿತು. ಅವನು ರಿಮೋಟನ್ನು ಅನುಮಾನದಿಂದ ನೋಡಿದ. ನೆಂಟರೆಲ್ಲ ಸೊರಗಿ ತಮ್ಮ ತಮ್ಮ ಗಾತ್ರಕ್ಕೆ ಬಂದಿದ್ದರು. ಧಾರೆಯ ನೀರು ಬಿತ್ತು. ಹಾಡು ಎದ್ದಿತು. ಕ್ಯಾಮರಾ ದನಿ ಹುಡುಕುತ್ತಾ ತಿರುಗಿ, ಮುತ್ತೈದೆಯರ ಮುಚ್ಚಿದ ಬಾಯಿಗಳನ್ನು ಒಂದೊಂದಾಗಿ ದಾಟಿ, ಬಾಳೆಕಂಬದ ಹಿಂದೆ ಹೋಗಿ ನಿಂತಿತು. ಬರಿಹಣೆಯ ವೆಂಕಟಮ್ಮ ಕಣ್ಣುಮುಚ್ಚಿ ಹಾಡುತ್ತಿದ್ದಳು.

"ನಿಲ್ಸು, ನಿಲ್ಸ್ಲಾ!" ಎಂದಳು ಚಿಕ್ಕತಾಯಮ್ಮ.

ಚಂದ್ರು ನಿಲ್ಲಿಸಿದ. ವೆಂಕಟಮ್ಮ ಬಾಯಿ ತೆರೆದುಕೊಂಡೇ ಪರದೆಯ ಮೇಲೆ ನಿಂತಳು.

"ಡೀವೀಡಿ ಕೆಟ್ಟೋಗದ. ಆ ಸ್ಟುಡಿಯೋದವನ್ಗೆ ಕೊಟ್ಟು ರಿಪೇರಿ ಮಾಡ್ಸು."

"ಕೆಟ್ಟಿಲ್ಲ ಅತ್ತೆ. ರಿಪೇರಿ ಮಾಡ್ಸೇ ತಂದಿರದು."

ಚಿಕ್ಕಬಸಮ್ಮ ತಂಗಿಯತ್ತ ತಿರುಗಿದಳು. "ಅಂಗಾರೆ ನೀನು ಏನ್ ಮಾಡ್ತಿದ್ದೆ?"

"ಎಲೆ ಅಡಿಕೆ ಅಗೀತಿದ್ಲು," ಎಂದಳು ಸುಮ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು.

ಚಿಕ್ಕತಾಯಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. "ನಾನೇ ಆಡ್ದೆ ಅಂತ ನಾನು ಯಾವತ್ತಾದ್ರೂ ಅಂದಿದ್ನಾ? ಜನ ಅಂದ್ರು. ಜನ ಅಂದದ್ಕೆ ನಾನೇನ್ ಮಾಡ್ಲಿ?" ಅದೂ ನಿಜವೇ.

ಚಿಕ್ಕಬಸಮ್ಮ ಕೆಲಸದ ಹೆಂಗಸು, ಸಂಕಟಕ್ಕೆಲ್ಲ ಕೂತುಕೊಳ್ಳುವವಳಲ್ಲ. ಲೋಕೇಶ್ವರಿಯನ್ನು ಕರೆದಳು. "ನಿಮ್ಮವ್ವನ ಕರ್ಕ ಬಾ ಮಗಾ. ಅಂಥಾ ದನಿ ನಮ್ ಕಡೆ ಇಲ್ಲ. ವ್ಯಾನು ಕಳಸ್ತೀವಿ."

"ಎಲ್ಲಿ ನಿಲ್ಲುಸ್ತೀರಾ ದೊಡ್ಡತ್ತೆ?"

"ಎಲ್ಲಿ ಅಂದ್ರೆ?"

"ಧಾರೇಲಿ. ನಮ್ಮವ್ವನ ಎಲ್ಲಿ ನಿಲ್ಲುಸ್ತೀರಾ?"

ಚಿಕ್ಕಬಸಮ್ಮ ಸೊಸೆಯರ ಮುಖ ನೋಡಿದಳು. ಸೊಸೆಯರು ಟೀವಿ ನೋಡಿದರು. "ಅದೇ ಇಂದ್ಗಡೆ... ಮೈಕು ಆಕ್ಸವ. ಉಗ್ರಾಣದಲ್ಲಿ ಕೂತೇ ಆಡ್ಬೋದು. ದನಿ ತಾನೆ ಬೇಕಾಗಿರದು?"

"ಮುಂದ್ಗಡೆ ಕೂರ್ಸದಾದ್ರೆ ಬತ್ತಾಳೆ. ಇಲ್ದಿದ್ರೆ ಇಲ್ಲ."

"ಇವಳೇ, ಒಳಕ್ಕೆ ಓಗು," ಎಂದ ಚಂದ್ರು.

ಲೋಕೇಶ್ವರಿ ಅವನ ಕೈಯಿಂದ ರಿಮೋಟು ತೆಗೆದುಕೊಂಡಳು. ಏನೂ ಆಗಲಿಲ್ಲ. ಹಸಿರು ಗುಂಡಿ ಒತ್ತಿ, ಹೊಸ್ತಿಲಿಗೆ ಹೋಗದೆ, ನಡುಮನೆಯ ಚಾಪೆಯ ಮೇಲೆ ಕೂತಳು.

ಹಾಡು ಮುಂದುವರಿಯಿತು. ಒಂದೊಂದು ಸಾಲೂ ಹಾಡಿದವಳ ಬಾಯಿಯಿಂದಲೇ ಹೊರಟಿತು. ಹಾಡು ಮುಗಿದಾಗ ವೆಂಕಟಮ್ಮ ಕಣ್ಣು ತೆರೆದಳು. ಕ್ಯಾಮರಾ ಇನ್ನೂ ತನ್ನ ಮೇಲೆಯೇ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅತ್ತ ಇತ್ತ ನೋಡಿದಳು. ಬಗ್ಗಿದಳು. ನೆಲದಿಂದ ಏನನ್ನೋ ಆಯ್ದುಕೊಂಡಳು. ಎದ್ದಾಗ ಅವಳ ಮುಷ್ಟಿಯ ಸಂದಿಯಲ್ಲಿ ನಾಲ್ಕು ಅರಿಸಿನದ ಅಕ್ಕಿಕಾಳು ಕಾಣುತ್ತಿದ್ದವು, ಯಾರದೋ ಕೈಯಿಂದ ಉದುರಿ ಕಾಲಡಿಗೆ ಬಿದ್ದ ಅಕ್ಷತೆ. ಕಂಬದ ಮರೆಯಿಂದ ಕೈ ಚಾಚಿ ಮದುಮಕ್ಕಳ ಕಡೆಗೆ ಎಸೆದಳು. ಅದು ಅಷ್ಟು ದೂರ ಹೋಗಲಿಲ್ಲ. ಡೋಲಿನವನ ತಲೆಯ ಮೇಲೆ ಬಿತ್ತು. ಅವನು ಕೋಲಿನಿಂದ ತಲೆ ಕೆರೆದುಕೊಂಡು, ಹಲ್ಲಿಯೇನೋ ಎಂಬಂತೆ ಚಪ್ಪರವನ್ನು ನೋಡಿದ.

ಸುಮ ನಕ್ಕಳು, ಅರ್ಧಕ್ಕೆ ನಿಲ್ಲಿಸಿದಳು. "ಇನ್ನೂ ಏನೇನ್ ಬುಟ್ಟವ್ನೆ ಆ ಮುಂಡೇ..." ಎಂದು ಪ್ರಭುಸ್ವಾಮಿಯನ್ನು ಬಯ್ಯಲು ಬಾಯಿ ತೆರೆದ ಚಿಕ್ಕತಾಯಮ್ಮ, ನಡುಮನೆಯಲ್ಲಿ ಕೂತ ಸೊಸೆಯ ಬೆನ್ನು ನೋಡಿ ಉಳಿದದ್ದನ್ನು ನುಂಗಿಕೊಂಡಳು.

ಒಬ್ಬೊಬ್ಬರೇ ಏಳತೊಡಗಿದರು. ಲೋಕೇಶ್ವರಿ ಏಳಲಿಲ್ಲ. ಹಿಂದಕ್ಕೆ ಓಡಿಸುವ ಗುಂಡಿ ಯಾವುದೆಂದು ರಿಮೋಟಿನಲ್ಲಿ ಹುಡುಕಿದಳು. ಅವ್ವನ ಕೈಯನ್ನು ಇನ್ನೊಂದು ಸಲ ನೋಡಬೇಕಿತ್ತು.